ಅಮ್ಮನ್ನ ಕೇರ್ ಸೆಂಟರ್‌ಗೆ ಸೇರಿಸೋ ಮುಂಚೆ ಏನೇನು ನೋಡ್ಬೇಕು? ಅನುಭವ ಇರೋರು ದಯವಿಟ್ಟು ಹೇಳಿ

ಸಕಲೇಶಪುರದ ಮಗಳು

ಎಲ್ರಿಗೂ ನಮಸ್ಕಾರ. ಅಮ್ಮಂಗೆ 74 ವರ್ಷ. ಐದು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಬಲಗಡೆ ಕೈಕಾಲು ಸ್ವಾಧೀನ ಇಲ್ಲ, ಮಾತು ತೊದಲುತ್ತೆ, ಆದ್ರೆ ನಾವು ಹೇಳೋದೆಲ್ಲ ಅರ್ಥ ಆಗುತ್ತೆ. ಇಷ್ಟು ದಿನ ಏಜೆನ್ಸಿಯಿಂದ ಜನ ಇಟ್ಕೊಂಡು ಬೆಂಗಳೂರಲ್ಲಿ ನಮ್ಮನೇಲೇ ನೋಡ್ಕೊಂಡ್ವಿ, ಮೂರು ಜನ ಬದಲಾದ್ರು, ಕೊನೆಯವ್ರು ಊರಿಗೆ ಹೋಗಿ ಬರ್ತೀನಿ ಅಂದೋರು ಫೋನೇ ಎತ್ತಲ್ಲ, ನಾನೂ ನಮ್ಮನೆಯವ್ರೂ ಇಬ್ರೂ ಕೆಲ್ಸಕ್ಕೆ ಹೋಗ್ಲೇಬೇಕು, ಅಣ್ಣ ದುಬೈನಲ್ಲಿದ್ದಾನೆ. ಹಾಗಾಗಿ ಕೇರ್ ಸೆಂಟರ್ ನೋಡ್ತಾ ಇದ್ದೀವಿ. ಕನಕಪುರ ರೋಡ್ ಕಡೆ ಒಂದು ನೋಡಿದ್ವಿ, ರಿಸೆಪ್ಷನ್ನೇ ದೊಡ್ಡ ಹೋಟೆಲ್ ತರ, ಪಾರ್ಕು, ಫಿಸಿಯೋ ರೂಮು ಎಲ್ಲಾ ಇದೆ. ಇನ್ನೊಂದು ಜೆಪಿ ನಗರದಲ್ಲಿ, ಬಾಡಿಗೆ ಮನೇಲಿ ಮಾಡಿರೋದು, 14 ಜನ ಇದ್ದಾರೆ, ಗೋಡೆ ಬಣ್ಣ ಹಳೇದು ಆದ್ರೆ ವಾಸನೆ ಇರ್ಲಿಲ್ಲ. ತಿಂಗಳಿಗೆ ಸುಮಾರು 15 ಸಾವಿರ ವ್ಯತ್ಯಾಸ.

ಇಬ್ರೂ "ಚೆನ್ನಾಗಿ ನೋಡ್ಕೋತೀವಿ ಮೇಡಂ" ಅಂತಾರೆ. ನೋಡ್ಕೋತಾರೋ ಇಲ್ವೋ ಅಂತ ಅರ್ಧ ಗಂಟೇಲಿ ಹೋಗಿ ಬರೋ ನಮ್ಮಂಥೋರಿಗೆ ಹೇಗೆ ಗೊತ್ತಾಗ್ಬೇಕು? ಚಿಕ್ಕಮ್ಮ "ಹೆತ್ತೋಳನ್ನ ಆಶ್ರಮಕ್ಕೆ ಬಿಡ್ತೀಯಾ" ಅಂದಾಗಿಂದ ರಾತ್ರಿ ನಿದ್ದೆ ಇಲ್ಲ.

ಹುಬ್ಬಳ್ಳಿ ಸಿಸ್ಟರ್

ಅಕ್ಕಾರ, ನಾ ಸ್ಟಾಫ್ ನರ್ಸ್ ಅದೇನ್ರಿ, ಭಾಳ ವರ್ಷ ಹಾಸಿಗಿ ಹಿಡದವರನ್ನ ನೋಡೇನಿ. ಕಟ್ಟಡ ಬಿಡ್ರಿ, ಅಲ್ಲಿರೋ ಮಂದಿ ಮೈ ನೋಡ್ರಿ. ಉಗುರು ಕತ್ತರಿಸ್ಯಾರೇನು, ತುಟಿ ಒಣಗಿ ಒಡದಾವೇನು, ಬಾಜೂಕ ನೀರಿನ ಲೋಟ ಇಟ್ಟಿರ್ತಾರ ಖರೆ, ಅದು ಅವರ ಕೈಗೆ ಎಟಕತೈತೇನು, ಯೂರಿನ್ ಬ್ಯಾಗ್ ನೆಲಕ್ಕ ತಾಗೇತೇನು. ಇವನ್ನೆಲ್ಲ ಬಾಗಲದಾಗ ನಿಂತೇ ನೋಡಬಹುದು.

ಆಮ್ಯಾಲೆ ಬೆಡ್ ಸೋರ್. ತಾನಾ ಹೊರಳಾಕ ಆಗದವರನ್ನ ಸುಮಾರು ಎರಡೆರಡು ತಾಸಿಗೊಮ್ಮೆ ಮಗ್ಗಲ ಬದಲಿಸಬೇಕು, ಇಲ್ಲಂದ್ರ ಸೊಂಟದ ಕೆಳಗ ಮತ್ತ ಹಿಮ್ಮಡಿ ಹತ್ರ ಮೊದಲ ಕೆಂಪಾಗಿ ಆಮ್ಯಾಲೆ ಹುಣ್ಣಾಗ್ತೈತಿ. ಅದಕ್ಕ ಒಂದು ಚಾರ್ಟ್ ಇರತೈತಿ, ಕೇಳಿ ತಗೊಂಡು ನೋಡ್ರಿ. ಹಗಲು ರಾತ್ರಿ ಎಲ್ಲಾ ಒಂದಾ ಪೆನ್ನು ಒಂದಾ ಅಕ್ಷರ ಇತ್ತಂದ್ರ ಕಡೀಕ ಒಬ್ರಾ ಕುಂತು ತುಂಬ್ಯಾರ ಅಂತ ತಿಳೀರಿ. ನಾಳಿ ಮುಂಜಾನಿದೂ ಇವತ್ತಾ ಬರದಿಟ್ಟಿದ್ದು ನಾ ಕಣ್ಣಾರೆ ನೋಡೇನಿ. ನೇರ ಕೇಳ್ರಿ, ಈಗ ಎಷ್ಟು ಜನಕ್ಕ ಹುಣ್ಣು ಐತಿ, ಅದ್ರಾಗ ಇಲ್ಲಿ ಬಂದ ಮ್ಯಾಲೆ ಆಗಿದ್ದು ಎಷ್ಟು ಅಂತ. "ಯಾರಿಗೂ ಇಲ್ರಿ" ಅಂತ ಬಾಯಿಮಾತಿಗೆ ಅಂದ್ರ ಸಾಲದು, ರಿಜಿಸ್ಟರ್ ತಗದು ತೋರ್ಸೋರನ್ನ ನಂಬ್ರಿ.

ಅಮ್ಮಾರಿಗೆ ಸ್ಟ್ರೋಕ್ ಅಂದ್ರಲ್ಲ, ಎರಡು ಮಾತು ಮರೀಬ್ಯಾಡ್ರಿ. ಒಂದು, ಮಧ್ಯಾಹ್ನ ಊಟದ ಹೊತ್ತಿಗೆ ಹೋಗ್ರಿ. ನೆಟ್ಟಗ ಕುಂದ್ರಿಸಿ ಸಣ್ಣ ಚಮಚದಾಗ ನುಂಗಿದ್ದು ನೋಡಿ ಇನ್ನೊಂದು ತುತ್ತು ಕೊಡ್ತಾರೇನು, ಇಲ್ಲಾ ಮಲಗಿಸೇ ಗಂಜಿ ಸುರೀತಾರೇನು? ಸ್ಟ್ರೋಕ್ ಆದವರಿಗೆ ನುಂಗೂದು ಕಷ್ಟ ಇದ್ರ ಅನ್ನ ನೀರು ಶ್ವಾಸಕೋಶಕ್ಕ ಇಳದು ನ್ಯುಮೋನಿಯಾ ಆಗ್ತೈತಿ. ಇನ್ನೊಂದು, ಬಿದ್ದ ಕೈ ಹಿಡದು ಎಳದು ಎಬ್ಬಿಸಬಾರದು, ಕಂಕುಳಾಗ ಕೈ ಹಾಕಿನೂ ಎತ್ತಬಾರದು, ಭುಜದ ಕೀಲು ಜಾರತೈತಿ, ಆಮ್ಯಾಲೆ ಮುಟ್ಟಿದ್ರ ಚೀರತಾರ. ಅಲ್ಲಿ ಆಯಾ ಯಾರನ್ನರ ಮಂಚದಿಂದ ಕುರ್ಚಿಗೆ ಕುಂದ್ರಸೂದನ್ನ ಒಮ್ಮೆ ನೋಡಿದ್ರ ಅವರಿಗೆ ಟ್ರೇನಿಂಗ್ ಆಗೇತೋ ಇಲ್ಲೋ ತಿಳೀತದ. ಸೇರಿಸೋ ದಿನ ತೂಕ ಬರಕೋರಿ. ಒಂದು ತಿಂಗಳಾಗ 5 ಪರ್ಸೆಂಟ್ ಇಳೀತಂದ್ರ, 50 ಕೆಜಿ ಇದ್ದವರು ಎರಡೂವರೆ ಕೆಜಿ ಇಳದ್ರು ಅಂದ್ರ, ಸುಮ್ನ ಕುಂದ್ರಬ್ಯಾಡ್ರಿ.

ತುಮಕೂರಿನವನು

ಸಿಸ್ಟರ್ ಹೇಳಿದ್ದು ಪ್ರಿಂಟ್ ತಗೊಂಡು ಹೋಗಿ ಮೇಡಂ. ನಮ್ಮಪ್ಪಂಗೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇತ್ತು. ಮೊದಲನೇ ಜಾಗ (ಹೆಸರು ಬೇಡ) ನೋಡೋಕೆ ಬಹಳ ಚೆನ್ನಾಗಿತ್ತು, ವಾಟ್ಸಾಪಲ್ಲಿ ದಿನಾ ಫೋಟೋ ಕಳಿಸೋರು, ನಾನು ಪ್ರತಿ ಶನಿವಾರ ಬೆಳಿಗ್ಗೆ 11ಕ್ಕೆ ಹೋಗ್ತಿದ್ದೆ, ಸ್ನಾನ ಮಾಡಿಸಿ ಪೌಡರ್ ಹಚ್ಚಿ ಕೂರಿಸಿರೋರು. ಒಂದ್ಸಲ ಮುಂಚೆ ತಿಳಿಸದೇನೇ ಭಾನುವಾರ ಸಂಜೆ ಏಳೂವರೆಗೆ ಹೋದೆ. ಅಪ್ಪ ಎಬ್ಬಿಸಿದ್ರೂ ಏಳ್ತಿಲ್ಲ, ಡೈಪರ್ ಒದ್ದೆಯಾಗಿ ಎಷ್ಟು ಹೊತ್ತಾಗಿತ್ತೋ, ಇಡೀ ಫ್ಲೋರಿಗೆ ಒಬ್ಬನೇ ಹುಡುಗ. ಆಮೇಲೆ ಮೆಡಿಕಲ್ ಬಿಲ್ ತೆಗ್ದು ಒಂದೊಂದೇ ಮಾತ್ರೆ ಹೆಸರು ನೋಡಿದಾಗ ಗೊತ್ತಾಯ್ತು, ಕ್ವೆಟಿಯಾಪಿನ್ ಅಂತ ಮಾನಸಿಕ ಕಾಯಿಲೆಗೆ ಕೊಡೋ, ಮಂಪರು ಬರಿಸೋ ಮಾತ್ರೆ ಶುರು ಮಾಡಿ ಎರಡು ತಿಂಗಳಾಗಿದೆ, ನಮಗೆ ಒಂದು ಮಾತು ಹೇಳಿಲ್ಲ. ರಾತ್ರಿ ಗಲಾಟೆ ಮಾಡ್ತಾರೆ ಅಂತ ಕೊಟ್ವಿ ಅಂದ್ರು. ನಮ್ಮ ಡಾಕ್ಟರ್ ಹತ್ರ ಕರ್ಕೊಂಡು ಹೋದಾಗ ಹೇಳಿದ್ರು, ಡಿಮೆನ್ಷಿಯಾ ಇರೋ ವಯಸ್ಸಾದವರಿಗೆ ಈ ಜಾತಿ ಔಷಧಿಯಿಂದ ಸಾವಿನ ಅಪಾಯ ಹೆಚ್ಚಾಗುತ್ತೆ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ, ಬೇರೆ ದಾರಿ ಇಲ್ದಾಗ ಮಾತ್ರ, ಮನೆಯವರಿಗೆ ಹೇಳಿ, ಕಮ್ಮಿ ದಿನ ಕೊಡ್ಬೇಕು ಅಂತ. ಆರು ತಿಂಗಳು ಅಪ್ಪನ್ನ ಅಲ್ಲಿ ಬಿಟ್ಟಿದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಆಮೇಲೆ ಸೇರಿಸಿದ್ದು ಚಿಕ್ಕ ಜಾಗ. ಅಲ್ಲಿ ಮಂಡ್ಯ ಕಡೆ ಅಮ್ಮ ಒಬ್ರು ಕೆಲಸಕ್ಕಿದ್ರು, ಅಪ್ಪ ಐದು ಗಂಟೆಗೆ ಎದ್ದು ಗಲಾಟೆ ಮಾಡೋದು ಕಾಫಿಗೆ ಅಂತ ಅವ್ರು ನಾಲ್ಕೇ ದಿನಕ್ಕೆ ಕಂಡುಹಿಡಿದ್ರು. ಕಾಫಿ ಕೊಟ್ರು, ಗಲಾಟೆ ನಿಂತೋಯ್ತು. ಅದಕ್ಕೇ ಹೇಳೋದು, ರಾತ್ರಿ ಪಾಳೀಲಿ ಕನ್ನಡ ಬರೋರು ಯಾರಾದ್ರೂ ಇದ್ದಾರಾ ಕೇಳಿ. ಹೊರ ರಾಜ್ಯದಿಂದ ಬಂದ ಮಕ್ಕಳು ಪಾಪ ಕಷ್ಟಪಟ್ಟು ದುಡೀತಾರೆ, ಅವರದ್ದೇನೂ ತಪ್ಪಿಲ್ಲ, ಆದ್ರೆ ಮೊದಲೇ ಮಾತು ತೊದಲೋ ನಿಮ್ಮಮ್ಮ "ನೀರು" ಅಂದ್ರೆ ಅರ್ಥ ಆಗ್ಬೇಕಲ್ಲ.

ಇನ್ನೊಂದು, ಬೇಜಾರು ಮಾಡ್ಕೋಬೇಡಿ. ಅಮ್ಮಂಗೆ ಎಲ್ಲಾ ಅರ್ಥ ಆಗುತ್ತೆ ಅಂದ್ರಿ. ಅಮ್ಮನ್ನ ಕೇಳಿದ್ರಾ?

ಡಲ್ಲಾಸ್ ಕನ್ನಡಿಗ

ನಾನಿರೋ ಅಮೆರಿಕದಲ್ಲಿ ಸರ್ಕಾರದ ಆರೋಗ್ಯ ವಿಮೆ ಯೋಜನೆ ಮೆಡಿಕೇರ್ ವೆಬ್‌ಸೈಟಲ್ಲಿ 2008ರಿಂದ ಪ್ರತಿ ನರ್ಸಿಂಗ್ ಹೋಮ್‌ಗೂ ಒಂದರಿಂದ ಐದು ಸ್ಟಾರ್ ಕೊಡ್ತಾರೆ. ಇಲ್ಲಿ ನರ್ಸಿಂಗ್ ಹೋಮ್ ಅಂದ್ರೆ ನಮ್ಮೂರಿನ ತರ ಸಣ್ಣ ಆಸ್ಪತ್ರೆ ಅಲ್ಲ, ವಯಸ್ಸಾದವರು ಉಳ್ಕೊಳ್ಳೋ ಜಾಗ. ತಪಾಸಣೆ, ಸಿಬ್ಬಂದಿ, ಆರೈಕೆಯ ಅಳತೆಗಳು (ಎಷ್ಟು ಜನಕ್ಕೆ ಬೆಡ್ ಸೋರ್ ಅನ್ನೋ ತರದ್ದು), ಈ ಮೂರು ನೋಡ್ತಾರೆ. ಅತ್ತೆಗೆ ಹುಡುಕುವಾಗ ನಾನು ಕಲಿತಿದ್ದು ಏನಂದ್ರೆ ಒಟ್ಟು ಸ್ಟಾರ್ ಒಂದನ್ನೇ ನಂಬಬಾರದು, ಯಾಕಂದ್ರೆ ಆರೈಕೆ ಅಳತೆಗಳಲ್ಲಿ ಎಷ್ಟೋ ಅವರೇ ಬರೆದು ಕೊಡೋದು. ಸಿಬ್ಬಂದಿ ಲೆಕ್ಕ ಹಾಗಲ್ಲ, ಸಂಬಳದ ದಾಖಲೆಯಿಂದ ಬರುತ್ತೆ, ವಾರದ ಕೊನೇಲಿ ಎಷ್ಟು ಜನ, ವರ್ಷಕ್ಕೆ ಎಷ್ಟು ಜನ ಬಿಟ್ಟೋದ್ರು ಅಂತನೂ ತೋರಿಸ್ತಾರೆ, ನಾನು ಮೊದಲು ನೋಡಿದ್ದು ಅದನ್ನ. ನಿಮಗೆ ಅಂಥ ಪಟ್ಟಿ ಸಿಗಲ್ಲ, ಆದ್ರೆ ಅದೇ ಪ್ರಶ್ನೆ ಕೇಳಬಹುದು: ಇಲ್ಲಿ ಕೆಲಸ ಮಾಡೋರಲ್ಲಿ ಒಂದು ವರ್ಷ ದಾಟಿದೋರು ಎಷ್ಟು ಜನ? ಮ್ಯಾನೇಜರನ್ನ ಬಿಟ್ಟು ಕೆಲಸದವರನ್ನೇ ಕೇಳಿ.

ಜಯನಗರ ಅಜ್ಜಿ

ಮಗು, ಸೇರಿಸಿದ ಮೇಲೆ ಏನಾದರೂ ತೊಂದರೆ ಕಂಡರೆ 14567 ನೆನಪಿಟ್ಟುಕೋ, ಹಿರಿಯರ ಸಹಾಯವಾಣಿ, ಬೆಳಿಗ್ಗೆ 8ರಿಂದ ರಾತ್ರಿ 8. ಡೆಪಾಸಿಟ್ ವಾಪಸ್ ಮತ್ತು ರಾತ್ರಿ ಹೊತ್ತು ಯಾವ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ ಅನ್ನುವುದು ಕಾಗದದ ಮೇಲೆ ಇರಲಿ. ಚಿಕ್ಕಮ್ಮನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಅವರು ಒಂದು ವಾರ ಬಂದು ಡೈಪರ್ ಬದಲಿಸಲಿ.

ಸಕಲೇಶಪುರದ ಮಗಳು

ಎಲ್ರಿಗೂ ತುಂಬಾ ಥ್ಯಾಂಕ್ಸ್, ಅಪ್‌ಡೇಟ್ ಹಾಕ್ತಿದ್ದೀನಿ. ಬುಧವಾರ ರಾತ್ರಿ ಎಂಟೂವರೆಗೆ ಎರಡೂ ಕಡೆ ಹೋದ್ವಿ. ಕನಕಪುರ ರೋಡಲ್ಲಿ ಸೆಕ್ಯೂರಿಟಿ ಒಳಗೇ ಬಿಡ್ಲಿಲ್ಲ, ನಾಳೆ ಅಪಾಯಿಂಟ್‌ಮೆಂಟ್ ತಗೊಂಡು ಬನ್ನಿ ಅಂದ್ರು. ಜೆಪಿ ನಗರದಲ್ಲಿ ಬಾಗಿಲು ತೆಗೆದ್ರು. ರಾತ್ರಿ 14 ಜನಕ್ಕೆ ಇಬ್ರು, ಒಬ್ರು ಹಾಸನದವ್ರೇ. ಚಾರ್ಟಲ್ಲಿ ಮೂರು ತರ ಅಕ್ಷರ ಇತ್ತು, ಮಧ್ಯೆ ಎರಡು ಕಡೆ ಖಾಲಿನೂ ಇತ್ತು, ಯಾಕೆ ಅಂದ್ರೆ ಆ ಹೊತ್ತಲ್ಲಿ ಒಬ್ರಿಗೆ ಉಸಿರಾಟದ ತೊಂದ್ರೆ ಆಗಿ ಆಸ್ಪತ್ರೆಗೆ ಓಡಿದ್ವಿ ಅಂದ್ರು. ಖಾಲಿ ಬಿಟ್ಟಿದ್ದು ನೋಡಿ ನಂಗೆ ಯಾಕೋ ನಂಬಿಕೆ ಬಂತು.

ತುಮಕೂರಿನ ಅಣ್ಣ, ನೀವು ಕೇಳಿದ್ದು ಎದೆಗೆ ನಾಟಿತು, ನಿಜವಾಗ್ಲೂ ಕೇಳಿರ್ಲಿಲ್ಲ. ಭಾನುವಾರ ಅಮ್ಮನ್ನೇ ವೀಲ್‌ಚೇರಲ್ಲಿ ಕರ್ಕೊಂಡು ಹೋದ್ವಿ. ಆ ಹಾಸನದವ್ರು ನೆಲಕ್ಕೆ ಕೂತು "ಯಾವೂರಮ್ಮ ನಿಮ್ದು" ಅಂದ್ರು, ಅಮ್ಮ ಎರಡು ನಿಮಿಷ ಕಷ್ಟಪಟ್ಟು ಊರ ಹೆಸರು ಹೇಳಿದ್ರು, ಆಯಮ್ಮ ಅಲ್ಲೀವರೆಗೂ ಕಾದ್ರು, ಮಧ್ಯೆ ನಾನು ಹೇಳೋಕೆ ಹೋದ್ರೆ ಕೈಸನ್ನೆ ಮಾಡಿ ತಡೆದ್ರು. ಮನೆಗೆ ಬಂದ್ಮೇಲೆ ಅಮ್ಮ ಎಡಗೈಲಿ ನನ್ನ ಕೈ ಹಿಡ್ಕೊಂಡು "ನೋಡಣ" ಅಂದ್ರು. ಮೊದಲು ಹದಿನೈದು ದಿನಕ್ಕೆ ಅಂತ ಸೇರಿಸ್ತಿದ್ದೀವಿ. ತೂಕ 51 ಕೆಜಿ, ಬರ್ಕೊಂಡಿದ್ದೀನಿ. ಸಿಸ್ಟರ್, ಭುಜದ ವಿಷ್ಯ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೂ ಹಿಂದೀಲೂ ಬರೆದು ಮಂಚದ ಮೇಲೆ ಗೋಡೆಗೆ ಅಂಟಿಸೋಕೆ ಅವ್ರು ಒಪ್ಕೊಂಡಿದ್ದಾರೆ.