ಸಾವಿರ ಅಡಿ ಆಳದ ಮೋಟರ್‌ಗೆ 6 ಸ್ಕ್ವೇರ್ ಕೇಬಲ್ ಸಾಕೇ?

ಪ್ರಶ್ನೆ: ರೈತ, ಶ್ರೀನಿವಾಸಪುರ ತಾಲ್ಲೂಕು, ಕೋಲಾರ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವಿನ ತೋಟದ ಕೊಳವೆಬಾವಿಯಲ್ಲಿ ಸಾವಿರ ಅಡಿಗೆ ಇಳಿಸಿರುವ 12.5 ಎಚ್‌ಪಿ ಸಬ್‌ಮರ್ಸಿಬಲ್ ಮೋಟರ್ ಒಂದೇ ವರ್ಷದಲ್ಲಿ ಎರಡು ಸಲ ಸುಟ್ಟುಹೋಗಿ, ರಿವೈಂಡಿಂಗ್ ಮಾಡಿಸಿದ್ದಾಯಿತು. ಸ್ಟಾರ್ಟರ್‌ನಿಂದ ಮೋಟರ್‌ವರೆಗೆ ಒಟ್ಟು 400 ಮೀಟರ್, 6 ಸ್ಕ್ವೇರ್ ಎಂಎಂ ತಾಮ್ರದ ಫ್ಲಾಟ್ ಕೇಬಲ್ ಇದೆ. ಮೋಟರ್ ಓಡುವಾಗ ಸ್ಟಾರ್ಟರ್‌ನಲ್ಲಿ 385 ವೋಲ್ಟ್ ಸಿಗುತ್ತದೆ. ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಿಡಿದರೆ ಆರ್, ವೈ, ಬಿ ಎಂಬ ಮೂರು ಫೇಸ್‌ಗಳಲ್ಲಿ 23, 25, 27 ಆಂಪಿಯರ್ ತೋರಿಸುತ್ತದೆ. ನೇಮ್‌ಪ್ಲೇಟ್‌ನಲ್ಲಿರುವುದು 22. ಎಚ್‌ಪಿಗೆ 1.4 ಆಂಪಿಯರ್ ಲೆಕ್ಕ, ಆದ್ದರಿಂದ ಮೋಟರ್ರೇ ಸರಿಯಿಲ್ಲ ಎಂದು ಒಬ್ಬ ಎಲೆಕ್ಟ್ರಿಷಿಯನ್ ಹೇಳಿದರು. ಎಚ್‌ಪಿಗೆ 2 ಆಂಪಿಯರ್ ಲೆಕ್ಕ, 25 ಸರಿಯಾಗಿಯೇ ಇದೆ ಎಂದ ಇನ್ನೊಬ್ಬರು ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ರಿಲೇಯನ್ನು 28ಕ್ಕೆ ಏರಿಸಿಟ್ಟು ಹೋದರು. ಯಾರ ಲೆಕ್ಕ ಸರಿ? 25 ಕೆವಿಎ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ನಮಗೂ ಪಕ್ಕದ ತೋಟದ 7.5 ಎಚ್‌ಪಿ ಮೋಟರ್‌ಗೂ ಲೈನ್ ಬರುತ್ತದೆ.

ಉತ್ತರ 1: ಡಿಪ್ಲೊಮಾ ಅಧ್ಯಾಪಕ, ಕೋಲಾರ

ಇಬ್ಬರೂ ಬಾಯಿಲೆಕ್ಕ ಹೇಳಿದ್ದಾರೆ, ಮೂಲಸೂತ್ರ ಒಂದೇ. ಎಚ್‌ಪಿಯನ್ನು 746ರಿಂದ ಗುಣಿಸಿ, ಬಂದದ್ದನ್ನು 1.732, ವೋಲ್ಟೇಜ್, ದಕ್ಷತೆ ಮತ್ತು ಪವರ್ ಫ್ಯಾಕ್ಟರ್ (ಎಳೆಯುವ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಇವುಗಳ ಗುಣಲಬ್ಧದಿಂದ ಭಾಗಿಸಬೇಕು. ನೆಲದ ಮೇಲಿನ ಒಳ್ಳೆಯ ಮೋಟರ್‌ಗೆ ದಕ್ಷತೆ 0.88, ಪವರ್ ಫ್ಯಾಕ್ಟರ್ 0.84 ಹಿಡಿದರೆ 415 ವೋಲ್ಟ್‌ನಲ್ಲಿ ಎಚ್‌ಪಿಗೆ 1.4 ಆಂಪಿಯರ್ ಬರುತ್ತದೆ. ಆದರೆ ಬಾವಿಯೊಳಗಿನ ಮೋಟರ್ ಸಪೂರವಾಗಿ, ಉದ್ದವಾಗಿ, ಒಳಗೆ ನೀರು ತುಂಬಿಕೊಂಡು ತಿರುಗುವಂಥದ್ದು, ಅದಕ್ಕೆ 0.74 ಮತ್ತು 0.82 ಹಿಡಿದರೆ ಎಚ್‌ಪಿಗೆ 1.7 ಆಗುತ್ತದೆ, ನಿಮ್ಮ ನೇಮ್‌ಪ್ಲೇಟ್‌ನ 22 ಇದಕ್ಕೆ ಹೊಂದುತ್ತದೆ.

ನಿಜವಾದ ತೊಂದರೆ ಕೇಬಲ್‌ನಲ್ಲಿದೆ. ಬಿಸಿಯಾದ ತಾಮ್ರದ ತಂತಿಯ ರೋಧ ಕಿಲೋಮೀಟರಿಗೆ ಎಷ್ಟು ಓಮ್ ಎಂಬುದಕ್ಕೆ 20ನ್ನು ಸ್ಕ್ವೇರ್ ಎಂಎಂನಿಂದ ಭಾಗಿಸಿದರೆ ಸಾಕು. ನಿಮ್ಮದು 3.33, ಅಂದರೆ 400 ಮೀಟರಿಗೆ 1.33 ಓಮ್. ಇದನ್ನು 1.732, 25 ಆಂಪಿಯರ್ ಮತ್ತು ಓಡುವಾಗಿನ ಪವರ್ ಫ್ಯಾಕ್ಟರ್ ಸುಮಾರು 0.85ರಿಂದ ಗುಣಿಸಿದಾಗ 49 ವೋಲ್ಟ್ ದಾರಿಯಲ್ಲೇ ಬಿದ್ದುಹೋಗುತ್ತದೆ, ಮೋಟರ್‌ಗೆ ತಲುಪುವುದು 336. ತಿರುಗುಬಲ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ 415 ವೋಲ್ಟ್‌ಗೆ ಹೋಲಿಸಿದರೆ ಮೋಟರ್ ಕೊಡಬಲ್ಲ ಬಲದಲ್ಲಿ ಮೂರನೇ ಒಂದು ಭಾಗ ಹೋಯಿತು, ಮತ್ತು ಅದೇ ನೀರನ್ನು ಎತ್ತಲು ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ. 16 ಸ್ಕ್ವೇರ್ ಹಾಕಿದರೆ ಬೀಳುವುದು 18 ವೋಲ್ಟ್ ಮಾತ್ರ. ಕೇಬಲ್‌ನಲ್ಲಿ ಶಾಖವಾಗಿ ಹೋಗುವ 2.5 ಕಿಲೋವ್ಯಾಟ್ ಒಂದು ಕಿಲೋವ್ಯಾಟಿಗೂ ಕೆಳಗಿಳಿಯುತ್ತದೆ; ಹತ್ತು ಎಚ್‌ಪಿ ದಾಟಿದ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಇಲ್ಲವಾದ್ದರಿಂದ ಇದು ಬಿಲ್ಲಿನ ಮಾತೂ ಹೌದು.

ಉತ್ತರ 2: ರಿವೈಂಡಿಂಗ್ ಅಂಗಡಿ, ಚಿಂತಾಮಣಿ

ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಮೊದಲು ರಿಲೇಯನ್ನು 22ಕ್ಕೆ ಇಳಿಸಿ. 28ಕ್ಕೆ ಇಟ್ಟ ರಿಲೇ ಇದ್ದೂ ಇಲ್ಲದ ಹಾಗೆ. ಎರಡನೆಯದು ಫೇಸ್‌ಗಳ ಅಸಮತೋಲನ: ಸರಾಸರಿ 25, ಅದರಿಂದ ಅತಿ ದೂರವಿರುವುದು 2 ಆಂಪಿಯರ್, ಅಂದರೆ ಶೇ 8. ಶೇ 5 ದಾಟಿದರೆ ನಾನು ಸುಮ್ಮನೆ ಬಿಡುವುದಿಲ್ಲ. ಮೇನ್ ಆಫ್ ಮಾಡಿ, ಮೋಟರ್‌ನ ಮೂರೂ ವೈರುಗಳನ್ನು ಒಂದೊಂದು ಟರ್ಮಿನಲ್ ಮುಂದಕ್ಕೆ ಸರಿಸಿ; ಮೂರನ್ನೂ ಒಟ್ಟಿಗೆ ಸರಿಸುವುದರಿಂದ ತಿರುಗುವ ದಿಕ್ಕು ಬದಲಾಗದು. ಹೆಚ್ಚಿನ ಕರೆಂಟ್ ಅದೇ ಬಿ ಟರ್ಮಿನಲ್‌ನಲ್ಲಿ ಉಳಿದರೆ ದೋಷ ಲೈನಿನದು, ವೈರಿನ ಜೊತೆ ಸರಿದರೆ ಮೋಟರ್ ಅಥವಾ ಕೇಬಲ್ ಜಾಯಿಂಟಿನದು. ಬಾವಿಯಿಂದ ಪೈಪ್ ಎತ್ತಿಸುವ ಮೊದಲು ಹತ್ತು ನಿಮಿಷದ ಈ ಪರೀಕ್ಷೆ ಮಾಡಿಕೊಳ್ಳಿ.

ಉತ್ತರ 3: ನಿವೃತ್ತ ಎಂಜಿನಿಯರ್, ತುಮಕೂರು

ಟಿಸಿಯ ಲೆಕ್ಕವನ್ನೂ ನೋಡಬೇಕು. 433 ವೋಲ್ಟ್ ಬದಿಯಲ್ಲಿ ಕೆವಿಎಗೆ 1.33 ಆಂಪಿಯರ್‌ನಂತೆ 25 ಕೆವಿಎಗೆ 33 ಆಂಪಿಯರ್. ನಿಮ್ಮ 25ಕ್ಕೆ ಪಕ್ಕದವರ ಸುಮಾರು 13 ಸೇರಿದರೆ 38 ಆಗುತ್ತದೆ, ಹಾಗಾಗಿ 385 ವೋಲ್ಟ್ ಆಶ್ಚರ್ಯವಲ್ಲ. ಸ್ಟಾರ್ಟರ್ ಬಳಿ ಪವರ್ ಫ್ಯಾಕ್ಟರ್ ಸುಧಾರಿಸುವ 5 ಕೆವಿಎಆರ್ ಕೆಪಾಸಿಟರ್ ಹಾಕಿದರೆ ಟಿಸಿಯ ಮೇಲಿನ ಹೊರೆ ಸುಮಾರು 3 ಆಂಪಿಯರ್ ಇಳಿಯುತ್ತದೆ. ಆದರೆ ಅದರ ಪ್ರಯೋಜನ ಸ್ಟಾರ್ಟರ್‌ನಿಂದ ಹಿಂದಕ್ಕೆ ಮಾತ್ರ. ಬಾವಿಯೊಳಗಿನ ಕೇಬಲ್‌ನಲ್ಲಿ ಕರೆಂಟ್ ಅಷ್ಟೇ ಹರಿಯುವುದರಿಂದ ಅಲ್ಲಿ ಬೀಳುವ ವೋಲ್ಟೇಜನ್ನು ಕೆಪಾಸಿಟರ್ ತಡೆಯದು. 1902ರಲ್ಲಿ ಶಿವನಸಮುದ್ರದಿಂದ ನಿಮ್ಮ ಜಿಲ್ಲೆಯ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ತಂದವರಿಗೆ ವೋಲ್ಟೇಜ್ ಏರಿಸುವ ದಾರಿ ಇತ್ತು: ವೋಲ್ಟೇಜ್ ಎರಡರಷ್ಟಾದರೆ ತಂತಿಯ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ನಿಮ್ಮ ಮೋಟರ್ 415 ವೋಲ್ಟಿನದು, ಹಾಗಾಗಿ ತಾಮ್ರವನ್ನೇ ದಪ್ಪ ಮಾಡಬೇಕು.

ಪ್ರಶ್ನೆ ಕೇಳಿದವರು

ವೈರ್ ಸರಿಸಿ ನೋಡಿದೆ, ಹೆಚ್ಚಿನ ಕರೆಂಟ್ ಬಿ ಟರ್ಮಿನಲ್‌ನಲ್ಲೇ ಉಳಿಯಿತು. ಲೈನ್‌ಮನ್ ಟಿಸಿಯ ಬಳಿ ನೋಡಿದಾಗ ಆರ್ ಫೇಸಿನ ಫ್ಯೂಸ್ ಕೂರುವ ಜಾಗ ಸಡಿಲಗೊಂಡು ಕಪ್ಪಾಗಿತ್ತು. ಸರಿಪಡಿಸಿದ ಮೇಲೆ ಮೂರೂ 24ರ ಆಸುಪಾಸಿನಲ್ಲಿವೆ. ರಿಲೇ 22ರಲ್ಲಿದೆ, ಅರ್ಧ ಗಂಟೆಗೊಮ್ಮೆ ಟ್ರಿಪ್ ಆಗುತ್ತದೆ. ಪಕ್ಕದವರೊಂದಿಗೆ ಮಾತಾಡಿ ಸರದಿಯಂತೆ ನೀರು ಬಿಡುತ್ತಿದ್ದೇವೆ, 16 ಸ್ಕ್ವೇರ್ ಕೇಬಲ್‌ಗೆ ಬೆಲೆ ವಿಚಾರಿಸಿದ್ದೇನೆ.