ತಂಗಿಯ ಪ್ರಾಜೆಕ್ಟ್ ಬರಹದ ಬಗ್ಗೆ ಮನೆಯ ಗುಂಪಿನಲ್ಲಿ ಎದ್ದ ತಕರಾರು

ತಂಗಿ: ಗುಂಪು ಪ್ರಾಜೆಕ್ಟ್ ಮುಗಿದ ಮೇಲೆ ವಿಶ್ವವಿದ್ಯಾಲಯಕ್ಕೆ ಪ್ರತಿಯೊಬ್ಬರೂ ಬರೆದು ಕೊಡಬೇಕಾದ ಅನುಭವದ ಟಿಪ್ಪಣಿಯನ್ನು ಮೇಲೆ ಹಾಕಿದ್ದೇನೆ. ವಯಸ್ಸಾದವರು ಮಾತ್ರೆ ಮರೆಯದಂತೆ ನೋಡಿಕೊಳ್ಳುವ ಡಬ್ಬಿಯೊಂದನ್ನು ನಾವು ಐದು ಜನ ಸೇರಿ ಮಾಡಿದೆವು. ನಾಳೆ ಸಲ್ಲಿಸಬೇಕು, ತಪ್ಪಿದ್ದರೆ ಹೇಳಿ.

ದೊಡ್ಡಪ್ಪ: ಓದಿದೆ ಮಗಳೇ, ಭಾಷೆ ಚೆನ್ನಾಗಿದೆ. ಆದರೆ ಎರಡು ಪುಟದಲ್ಲಿ ‘ನಾವು’ ಮೂವತ್ತೊಂದು ಸಲ ಬಂದಿದೆ, ‘ನಾನು’ ಒಂದು ಸಲವೂ ಇಲ್ಲ. ದುಡಿದವರು ಯಾರು, ಸಹಿ ಮಾತ್ರ ಹಾಕಿದವರು ಯಾರು ಎಂಬುದು ಗೊತ್ತೇ ಆಗುವುದಿಲ್ಲ. ಫ್ರಾನ್ಸಿನ ರಿಂಗಲ್ಮನ್ ಎಂಬ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ನೋಡಿ 1913ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಎಂಟು ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ಬರು ಹಾಕುವ ಬಲ, ಒಬ್ಬನೇ ಎಳೆಯುವಾಗಿನ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಚಿಕ್ಕಮ್ಮ: ಭಾವ, ಎಲ್ಲವನ್ನೂ ಸೋಮಾರಿತನದ ಲೆಕ್ಕಕ್ಕೆ ಬರೆಯಬೇಡಿ. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯಲು ಆಗದಿರುವುದೂ ಬಲ ಕುಗ್ಗಲು ಕಾರಣವೆಂದು ಆ ರಿಂಗಲ್ಮನ್ನರೇ ಹೇಳಿದ್ದರು.

ನಾನು: ನನ್ನ ತಕರಾರು ಬೇರೆ. ‘ಚರ್ಚೆ ನಡೆಸುತ್ತಿರುವಾಗ ನಮಗೆ ಬೆಂಕಿಪೊಟ್ಟಣದ ಉಪಾಯ ಹೊಳೆಯಿತು’ ಎಂದು ಬರೆದಿದ್ದೀಯ. ಐದು ತಲೆಗೆ ಒಂದೇ ಸಲ ಏನೂ ಹೊಳೆಯುವುದಿಲ್ಲ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗದಲ್ಲಿ, ಬೇರೆ ಬೇರೆ ಕುಳಿತು ಯೋಚಿಸಿದ ನಾಲ್ವರ ಪಟ್ಟಿಗಳನ್ನು ಕೂಡಿಸಿದಾಗ, ಒಟ್ಟಿಗೆ ಕುಳಿತ ನಾಲ್ವರಿಗಿಂತ ಸುಮಾರು ಎರಡು ಪಟ್ಟು ಆಲೋಚನೆಗಳು ಸಿಕ್ಕವು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಷ್ಟರಲ್ಲಿ ನಾಲಿಗೆಯ ತುದಿಗೆ ಬಂದದ್ದು ಮರೆತುಹೋಗುತ್ತದೆ. (ನಮ್ಮ ಈ ಗುಂಪಿಗೆ ಆ ಕಷ್ಟವಿಲ್ಲ, ಇಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ.) ನಿಜ ಹೇಳು, ಆ ಉಪಾಯ ಯಾರದು?

ತಂಗಿ: ಅಣ್ಣ, ನಾವೆಲ್ಲ ಗಂಟೆ ಬಾರಿಸುವ ಡಬ್ಬಿಯ ಬಗ್ಗೆಯೇ ಕಚ್ಚಾಡುತ್ತಿದ್ದಾಗ, ಮೂರು ಸಭೆಗಳಲ್ಲಿ ತುಟಿ ಬಿಚ್ಚದೆ ಕುಳಿತಿದ್ದ ಗೆಳತಿಯೊಬ್ಬಳು ಏಳು ಖಾಲಿ ಬೆಂಕಿಪೊಟ್ಟಣಗಳನ್ನು ಅಂಟಿಸಿ ತಂದು ಮೇಜಿನ ಮೇಲಿಟ್ಟಳು. ಇವತ್ತಿನ ಖಾನೆಯನ್ನು ಪೂರ್ತಿ ಎಳೆಯದೆ ನಾಳಿನದು ಬಾಯಿ ಬಿಡದಂತೆ ಒಳಗೆ ದಾರ ಕಟ್ಟಿದ್ದಳು. ಬ್ಯಾಟರಿಯಿಲ್ಲ, ಸದ್ದಿಲ್ಲ. ಆದರೆ ಮೂರನೆಯ ಎಳೆತಕ್ಕೇ ಅದು ಸಿಕ್ಕಿಹಾಕಿಕೊಂಡಿತು. ದಾರ ತೆಗೆದು ತಗಡಿನ ಪಟ್ಟಿ ಹಾಕಿದವನು ಒಬ್ಬ, ಅಂಚಿಗೆ ಮೇಣದಬತ್ತಿ ಉಜ್ಜಿ ಸರಾಗ ಮಾಡಿದವಳು ನಾನು, ನಡುಗುವ ಬೆರಳಿಗೆ ಸಿಗಲೆಂದು ಹಿಡಿ ದಪ್ಪ ಮಾಡಿಸಿದವಳು ಮತ್ತೊಬ್ಬಳು. ಈಗ ಅದು ಯಾರದೆಂದು ಬರೆಯಲಿ?

ದೊಡ್ಡಪ್ಪ: ಈಗ ಹೇಳಿದೆಯಲ್ಲ, ಅದನ್ನೇ ಬರೆಯಬೇಕಿತ್ತು. ಅಂದ ಹಾಗೆ ನಾಲ್ವರಾದರು, ಐದನೆಯವನು?

ತಂಗಿ: ಸ್ಲೈಡ್‌ಗಳ ಬಣ್ಣ ಬದಲಾಯಿಸಿದ, ದೊಡ್ಡಪ್ಪ.

ಚಿಕ್ಕಮ್ಮ: ಅದನ್ನು ಬರೆದು ಆ ಹುಡುಗನ ಅಂಕ ಕಳೆಯಬೇಡ. 2010ರಲ್ಲಿ ಅಮೆರಿಕದ ಸಂಶೋಧಕಿ ಅನಿಟಾ ವೂಲಿ ಮತ್ತು ಸಂಗಡಿಗರು ಕಂಡುಕೊಂಡದ್ದು ಏನೆಂದರೆ, ಕೆಲವರೇ ಮಾತನ್ನೆಲ್ಲ ಆಕ್ರಮಿಸಿಕೊಳ್ಳದೆ ಸರದಿ ಹಂಚಿಕೊಂಡ ಗುಂಪುಗಳು ಹೆಚ್ಚು ಜಾಣತನದಿಂದ ಕೆಲಸ ಮಾಡುತ್ತವೆ. ನಿಮ್ಮಲ್ಲಿ ಅವನಿಗೆ ಸರದಿ ಸಿಕ್ಕಿತ್ತೇ?

ನಾನು: ಸಿಕ್ಕಿರಬಹುದು, ಸಿಗದೆಯೂ ಇರಬಹುದು ಚಿಕ್ಕಮ್ಮ, ಅವನ ಮೇಲೆ ದೂರು ಬರೆಯಲು ನಾನೂ ಹೇಳುತ್ತಿಲ್ಲ. ಆದರೆ ಮೂರು ಸಭೆ ಸುಮ್ಮನಿದ್ದು ನಾಲ್ಕನೆಯದಕ್ಕೆ ಕೈಯಲ್ಲಿ ಮಾಡಿಕೊಂಡು ಬಂದವಳನ್ನು ‘ನಾವು’ ಎಂಬ ಚೀಲಕ್ಕೆ ತುಂಬಿ ಬಾಯಿ ಕಟ್ಟುವುದು ನನಗೆ ಸೌಜನ್ಯವಾಗಿ ಕಾಣುವುದಿಲ್ಲ.

ತಂಗಿ: ಈಗಷ್ಟೇ ಅವಳಿಗೆ ಫೋನ್ ಮಾಡಿ ಕೇಳಿದೆ. ಹೆಸರು ಹಾಕಲು ಒಪ್ಪಿದಳು. ಆದರೆ ಆ ಪೊಟ್ಟಣಗಳನ್ನು ಮೇಜಿನ ಮೇಲಿಟ್ಟ ದಿನ ನಾವು ನಾಲ್ವರೂ ನಕ್ಕಿದ್ದನ್ನೂ ಬರೆಯಬೇಕಂತೆ. ಎರಡನೆಯ ಪುಟವನ್ನು ಮತ್ತೆ ಬರೆಯುತ್ತಿದ್ದೇನೆ.