ಬೈಗುಳಕ್ಕೆ ಕೂಲಿ ಕೊಡ್ತಿರೋರು ನಾವೇ

ಪುಟ್ಟಿ, ನಿನ್ನ ಮೆಸೇಜು ಬೆಳಗ್ಗೇನೇ ನೋಡಿದೆ ಕಣೆ, ಕ್ಲಾಸಲ್ಲಿದ್ದೆ. ಈಗ ಕೋಲಾರ ಬಸ್‌ಸ್ಟ್ಯಾಂಡಲ್ಲಿ ಕೂತಿದೀನಿ, ಶ್ರೀನಿವಾಸಪುರದ ಬಸ್ಸು ಇನ್ನೂ ಬಂದಿಲ್ಲ. ಟೈಪ್ ಮಾಡೋಕೆ ಆಗಲ್ಲ, ಮಾತಾಡ್ಬಿಡ್ತೀನಿ. ಮಧ್ಯೆ ಹಾರನ್ ಬಂದ್ರೆ ಸಹಿಸ್ಕೊಳ್ಳಿ. ದೊಡ್ಡಪ್ಪಾ, ನೀವು ಪೂರ್ತಿ ಕೇಳಬೇಕು, ಅರ್ಧಕ್ಕೇ ನಿಲ್ಲಿಸಿ ‘ಎರಡು ಬಿಡ್ರಿ ಸರಿಹೋಗ್ತಾನೆ’ ಅಂತ ಹಾಕಬೇಡಿ.

ವಿಷಯ ಗೊತ್ತಿಲ್ಲದೋರಿಗೆ: ಪುಟ್ಟಿ ಮಗ ಚಿನ್ನು ಮೊನ್ನೆ ಸ್ಕೂಲಲ್ಲಿ ಬೋರ್ಡ್ ನೋಡಿ ಬರಿ ಅಂದಿದ್ದಕ್ಕೆ ಮೇಡಮ್ಮಿಗೆ ಅನ್ನಬಾರದ್ದು ಅಂದು, ನೋಟ್‌ಬುಕ್ ಎಸೆದಿದಾನೆ. ಹೆಡ್‌ಮಾಸ್ಟ್ರು ಪುಟ್ಟೀನ ಕರೆಸಿ ‘ಹಿಂಗಾದ್ರೆ ಟಿಸಿ ತಗೊಂಡು ಹೋಗಿ’ ಅಂದಿದಾರೆ. ಅಷ್ಟಕ್ಕೇ ನಮ್ಮ ಮನೆಯೋರ ಗ್ರೂಪಲ್ಲಿ ಒಬ್ಬರು ಹುಣಸೆ ಬರಲು ಅಂತಾರೆ, ಒಬ್ಬರು ದೃಷ್ಟಿ ತೆಗೀರಿ ಅಂತಾರೆ, ಇನ್ನೊಬ್ಬರು ಯಾವುದೋ ‘ಒಡಿಡಿ’, ಅಂದ್ರೆ ಯಾವಾಗಲೂ ಸಿಡುಕಿ ಎದುರಾಡೋ ಮಕ್ಕಳ ತೊಂದರೆ, ಅದರ ವಿಡಿಯೋ ಫಾರ್ವರ್ಡ್ ಮಾಡಿದಾರೆ.

ಮೊದಲು ನನ್ನ ಪೆದ್ದುತನ ಹೇಳ್ತೀನಿ. ವಿಶೇಷ ಶಾಲೆಗೆ ಸೇರಿದ ಹೊಸದರಲ್ಲಿ ನನ್ನ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ, ಹದಿಮೂರು ವರ್ಷ, ಚಿನ್ನು ಥರಾನೇ ಸ್ವಲ್ಪ ಬುದ್ಧಿಮಾಂದ್ಯತೆ, ಜೊತೆಗೆ ಎಡಿಎಚ್‌ಡಿ, ಅಂದ್ರೆ ಗಮನ ನಿಲ್ಲದ, ಒಂದು ಕಡೆ ಕೂರೋಕಾಗದ ತೊಂದರೆ. ಬರವಣಿಗೆ ಶುರು ಆಯ್ತು ಅಂದ್ರೆ ಅವನ ಬಾಯಿ ಶುರು. ಅಪ್ಪಟ ಟೊಮ್ಯಾಟೊ ಮಂಡಿಯ ತೆಲುಗು ಬೈಗುಳ! ನಾನು ಸಿಟ್ಟಲ್ಲಿ ‘ಹೋಗು ಆಚೆ’ ಅಂತಿದ್ದೆ. ಆಚೆ ಅಂದ್ರೆ ಎಲ್ಲಿ? ಅಡುಗೆಮನೆ ಜಗುಲಿ. ಅಲ್ಲಿ ಅಡುಗೆ ಅಕ್ಕ ಸಾರಿಗೆ ಕಾಯಿ ತುರಿತಾ ಇರೋರು. ಪಾಪ ಅಂತ ಒಂದು ಚೂರು ಕಾಯಿ ಇವನ ಕೈಗೆ. ಬೈದ, ಬರೆಯೋದು ತಪ್ಪಿತು, ಕಾಯಿ ಸಿಕ್ತು. ಇದು ನಾನು ಕೊಡ್ತಿದ್ದ ಕೂಲಿ ಪುಟ್ಟಿ. ಎರಡು ತಿಂಗಳು ದಿನಾ ತಪ್ಪದೆ ಕೊಟ್ಟಿದೀನಿ, ಆಮೇಲೆ ಸ್ಟಾಫ್ ರೂಮಲ್ಲಿ ‘ಏನು ಶಿಕ್ಷೆ ಕೊಟ್ರೂ ಬಗ್ಗಲ್ಲ’ ಅಂತ ಗೊಣಗಿದೀನಿ.

ನಮ್ಮ ಹಿರಿಯ ಮೇಡಂ ಒಬ್ಬರು ಒಂದು ಹಳೇ ಹಾಜರಿ ಪುಸ್ತಕ ಕೊಟ್ಟು, ‘ಬೈದಿದ್ದನ್ನ ಬರೀಬೇಡ, ಬೈಯೋಕೆ ಮುಂಚೆ ಏನಾಗಿತ್ತು, ಬೈದ ಮೇಲೆ ಅವನಿಗೆ ಏನು ಸಿಕ್ತು, ಇಷ್ಟು ಬರಿ’ ಅಂದ್ರು. ಎಂಟು ದಿನ ಬರೆದೆ. ಒಂದು ದಿನದ್ದು ಇನ್ನೂ ನೆನಪಿದೆ: ‘11:40. ಬೋರ್ಡ್ ಮೇಲೆ ಏಳು ಸಾಲು. ಎರಡು ಬರೆದ. ಪೆನ್ಸಿಲ್ ಮುರಿದ. ಬೈದ. ಎಲ್ಲರೂ ನಕ್ಕರು. ಆಚೆ ಕಳಿಸಿದೆ.’ ಪುಟ ತಿರುಗಿಸಿದ್ರೆ ಹೆಚ್ಚುಕಮ್ಮಿ ಎಲ್ಲಾ ಅದೇ ಹೊತ್ತು, ಊಟಕ್ಕೆ ಮುಂಚೆ. ಹಸಿವು ಬೇರೆ, ಏಳು ಸಾಲು ಬೇರೆ. ಎರಡು ಸಾಲಿನವರೆಗೆ ಹುಡುಗ ಚೆನ್ನಾಗೇ ಇರ್ತಿದ್ದ, ನನ್ನ ಕಣ್ಣಿಗೆ ಅದೇ ಬಿದ್ದಿರಲಿಲ್ಲ.

ಆಮೇಲೆ ಬರವಣಿಗೆ ಬೆಳಗಿನ ಹೊತ್ತಿಗೆ ಹಾಕ್ಕೊಂಡೆ, ಏಳು ಸಾಲು ಮೂರಾಯ್ತು. ಚಪ್ಪಲಿ ಡಬ್ಬದ ರಟ್ಟು ಕತ್ತರಿಸಿ ಅಂಗೈ ಚಿತ್ರ ಬರೆದು ‘ಸಾಕು’ ಅಂತ ಒಂದು ಕಾರ್ಡ್ ಮಾಡಿದೆ. ಬೈಯದೆ ಅದನ್ನ ತೋರಿಸಿದ್ರೆ ಎರಡು ನಿಮಿಷ ಬಿಡುವು, ಆಮೇಲೆ ವಾಪಸ್ ಅದೇ ಸಾಲು. ಸಿಟ್ಟಲ್ಲಿದ್ದಾಗ ಇದನ್ನ ಕಲಿಸೋಕೆ ಆಗಲ್ಲ, ಸಮಾಧಾನವಾಗಿ ಇದ್ದಾಗ ಆಟದ ಥರ ಕಲಿಸಿದ್ದು. ಮೊದಲ ದಿನ ಆ ಕಾರ್ಡನ್ನ ಸಂತೆ ಚೀಟಿ ತೋರಿಸಿದ ಹಾಗೆ ತೋರಿಸ್ತಾನೇ ಇದ್ದ. ಪ್ರತಿ ಸಲಾನೂ ಬಿಡುವು ಕೊಟ್ಟೆ. ಕೊಡಲೇಬೇಕು. ಬೈಗುಳಕ್ಕಿಂತ ಕಾರ್ಡಿಗೆ ಬೇಗ ಕೆಲಸ ಆಗುತ್ತೆ ಅಂತ ಅವನಿಗೆ ನಂಬಿಕೆ ಬರೋದು ಇನ್ನು ಹೆಂಗೆ?

ಈಗ ಮುಖ್ಯ ವಿಷಯ, ಕಿವಿಗೊಟ್ಟು ಕೇಳು. ಕೂಲಿ ನಿಲ್ಲಿಸಿದ ತಕ್ಷಣ ಬೈಗುಳ ಕಮ್ಮಿ ಆಗದೆ, ಮೊದಲು ಜಾಸ್ತಿನೂ ಆಗಬಹುದು. ನಲ್ಲೀಲಿ ನೀರು ಬರದಿದ್ರೆ ನಾವು ಇನ್ನಷ್ಟು ತಿರುವಲ್ವಾ, ಹಂಗೆ. ನಾಲ್ಕನೇ ದಿನ ಆ ಹುಡುಗ ನಮ್ಮಮ್ಮನ್ನೂ ಸೇರಿಸಿ ಬೈದ. ನನಗೆ ಅಳು ಬಂದುಬಿಟ್ಟಿತ್ತು. ಮನೆಯೋರು ಕೈಬಿಡೋದು ಸರಿಯಾಗಿ ಆ ಹೊತ್ತಲ್ಲೇ, ‘ಇವೆಲ್ಲಾ ಪುಸ್ತಕದ ಬದನೆಕಾಯಿ’ ಅಂತ. ಇಸ್ಪೀಟಲ್ಲಿ ಹತ್ತಾಟಕ್ಕೆ ಒಂದು ಗೆದ್ರೂ ದೊಡ್ಡಪ್ಪ ಎದ್ದು ಬರ್ತಾರಾ? ಬರಲ್ಲ. ಹತ್ತು ಸಲದಲ್ಲಿ ಒಂದು ಸಲ ನೀನು ಸೋತು ಮೊಬೈಲ್ ಕೊಟ್ಟೆ ಅಂದ್ರೆ ಚಿನ್ನೂನೂ ಹಂಗೇ ಕೂತುಬಿಡ್ತಾನೆ.

ಅವನು ಬೈಯೋ ಗಳಿಗೇಲಿ ಏನು ಮಾಡೋದು ಅಂತ ನೀನು ಕೇಳಿದ್ಯಲ್ಲ ಪುಟ್ಟಿ. ಮಾತು ಕಮ್ಮಿ ಮಾಡು, ದನಿ ಇಳಿಸು. ಎದುರಿಗೆ ನಿಂತು ಮುಖಕ್ಕೆ ಬೆರಳು ತೋರಿಸಬೇಡ, ಸ್ವಲ್ಪ ಪಕ್ಕಕ್ಕೆ ನಿಲ್ಲು. ಸುತ್ತ ನೋಡೋರನ್ನ ಆಚೆ ಕಳಿಸು, ಅವನನ್ನಲ್ಲ. ‘ಸಾರಿ ಕೇಳು ಮೊದಲು’ ಅಂತ ಅಲ್ಲೇ ಹಿಡ್ಕೋಬೇಡ, ಅದು ಇನ್ನೊಂದು ಜಗಳ. ಬೇರೆ ಹೊತ್ತಲ್ಲೂ ‘ಬರೀತೀಯಾ?’ ಅಂತ ಕೇಳಬೇಡ ಕಣೆ, ಕೇಳಿದ್ರೆ ‘ಇಲ್ಲ’ ಅನ್ನೋಕೆ ನೀನೇ ದಾರಿ ಮಾಡಿಕೊಟ್ಟ ಹಾಗೆ. ‘ಮೂರು ಸಾಲು. ಕೆಂಪು ಪೆನ್ನೋ, ನೀಲಿನೋ?’ ಅನ್ನು. ಒಂದೇ ಸಲ ಹೇಳಿ ಮನಸ್ಸಲ್ಲೇ ಹತ್ತು ಎಣಿಸು. ಇಂಥ ಮಕ್ಕಳಿಗೆ ಮಾತು ಒಳಗೆ ಇಳಿಯೋಕೇ ಅಷ್ಟು ಹೊತ್ತು ಬೇಕು. ನಾವು ಅಷ್ಟರಲ್ಲಿ ನಾಲ್ಕು ಸಲ ಕೂಗಿರ್ತೀವಿ.

ಆ ‘ಒಡಿಡಿ’ ವಿಡಿಯೋ ಬಗ್ಗೆ. ಹೆಸರಿಡೋದು ಡಾಕ್ಟ್ರ ಕೆಲಸ. ಡಾಕ್ಟ್ರುಗಳ ಕೈಪಿಡಿ ಪ್ರಕಾರ ಎಂಟು ಲಕ್ಷಣದಲ್ಲಿ ಕನಿಷ್ಠ ನಾಲ್ಕು, ಅದೂ ಆರು ತಿಂಗಳಾದ್ರೂ ಇರಬೇಕು. ಬುದ್ಧಿಮಾಂದ್ಯ ಮಗು ಆದ್ರೆ, ಅದೇ ಬುದ್ಧಿಮಟ್ಟದ ಬೇರೆ ಮಕ್ಕಳಿಗಿಂತ ಎದ್ದು ಕಾಣೋ ಹಾಗೆ ಜಾಸ್ತಿ ಇದ್ರೆ ಮಾತ್ರ ಆ ಹೆಸರು. ಹೇಳಿದ್ದೇ ಅರ್ಥ ಆಗದೆ ಸುಮ್ಮನೆ ಕೂತಿದ್ದನ್ನ ನಾವು ಎಷ್ಟೋ ಸಲ ಹಠ ಅಂತ ಲೆಕ್ಕ ಹಾಕ್ತೀವಿ.

ಅದಕ್ಕಿಂತ ನೀನು ನೋಡಬೇಕಾದ್ದು ಬೇರೆ ಇದೆ. ಈ ಸಿಡುಕು ಇದ್ದಕ್ಕಿದ್ದಂಗೆ ಬಂದಿದ್ದಾ? ಹಲ್ಲು, ಕಿವಿ, ಮಲಬದ್ಧತೆ, ನಿದ್ದೆ, ಇವೆಲ್ಲಾ ನೋಡಿಸು, ನೋವು ಅಂತ ಹೇಳೋಕೆ ಬರದ ಮಗು ಬೈಗುಳದಲ್ಲೇ ಹೇಳುತ್ತೆ. ಫಿಟ್ಸ್ ಮಾತ್ರೆ ಬದಲಾಯಿಸಿದ್ರು ಅಂದಿದ್ಯಲ್ಲ, ಹೆಸರು ನೋಡು. ಲೆವೆಟಿರಾಸಿಟಮ್ ಆದ್ರೆ ಕೆಲವು ಮಕ್ಕಳಿಗೆ ಅದರಿಂದ ಸಿಡುಕು ಬರುತ್ತೆ. ಹಂಗಂತ ನೀನೇ ನಿಲ್ಲಿಸಬೇಡ ಮಾರಾಯ್ತಿ, ಫಿಟ್ಸ್ ತಿರುಗಿ ಬಂದೀತು. ನೀನೂ ನನ್ನ ಹಾಗೆ ಬೈಯೋಕೆ ಮುಂಚೆ ಏನಾಯ್ತು, ಆಮೇಲೆ ಏನು ಸಿಕ್ತು ಅಂತ ಬರೆದಿಟ್ಟು, ಅದನ್ನ ತಗೊಂಡು ಹೋಗಿ ಡಾಕ್ಟ್ರಿಗೆ ತೋರಿಸು. ರಾತ್ರಿ ನಿನಗೇ ತಲೆ ಕೆಟ್ಟುಹೋದ್ರೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ.

ಟಿಸಿ ವಿಷಯ ತಲೆಗೆ ಹಚ್ಕೋಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೇಲಿ ಎಂಟನೇ ಕ್ಲಾಸ್ ಮುಗಿಯೋವರೆಗೂ ಮಗೂನ ಶಾಲೆಯಿಂದ ತೆಗೆಯೋ ಹಾಗಿಲ್ಲ, ಹೊಡೆಯೋ ಹಾಗೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರೋ ಮಗುವಿಗೆ ಆರರಿಂದ ಹದಿನೆಂಟರವರೆಗೆ ಉಚಿತ ಶಿಕ್ಷಣ, ಹತ್ತಿರದ ಶಾಲೇಲಿ ಆಗಲಿ ವಿಶೇಷ ಶಾಲೇಲಿ ಆಗಲಿ. ಆದ್ರೆ ಹೆಡ್‌ಮಾಸ್ಟ್ರ ಹತ್ತಿರ ಕಾಯ್ದೆ ಹಿಡ್ಕೊಂಡು ಹೋಗಬೇಡ, ನೀನು ಬರೆದಿಟ್ಟ ಪುಸ್ತಕ ಹಿಡ್ಕೊಂಡು ಹೋಗು. ಬಿಆರ್‌ಸೀಲಿ, ಅಂದ್ರೆ ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದಲ್ಲಿ, ಬಿಐಇಆರ್‌ಟಿ ಮೇಷ್ಟ್ರು ಇರ್ತಾರೆ, ವಿಶೇಷ ಅಗತ್ಯದ ಮಕ್ಕಳಿಗೇ ಅಂತ ಇರೋರು, ಅವರನ್ನೂ ಕರ್ಕೊಂಡು ಹೋಗು. ಆ ಮೇಡಮ್ಮಿಗೂ ನೋವಾಗಿರುತ್ತೆ, ನಲವತ್ತು ಮಕ್ಕಳ ಮುಂದೆ ಬೈಸ್ಕೊಂಡಿದಾರೆ. ಮೊದಲು ಅವರ ಮಾತು ಕೇಳು, ಆಮೇಲೆ ನಿನ್ನದು.

ಇನ್ನು ಆ ಮಾತು ಅವನಿಗೆ ಎಲ್ಲಿಂದ ಬಂತು ಅಂತ ಯಾರೂ ಕೇಳ್ತಿಲ್ಲ! ಬೇಸಿಗೆ ರಜೇಲಿ ನಿಮ್ಮ ಮಾವನ ಜೊತೆ ದಿನಾ ಟೊಮ್ಯಾಟೊ ಹರಾಜಿಗೆ ಹೋಗ್ತಿದ್ದ ತಾನೆ? ಕ್ರೇಟ್ ಇಳಿಸೋರು ಹೇಳಿಕೊಡೋದು, ಇವನು ತಿರುಗಿ ಅನ್ನೋದು, ಮಂಡಿಯೆಲ್ಲಾ ನಗೋದು, ಕೈಗೊಂದು ಬನ್ನು. ಹನ್ನೊಂದು ವರ್ಷದ ಹುಡುಗನಿಗೆ ಜನ್ಮದಲ್ಲಿ ಮೊದಲನೇ ಸಲ ಅಷ್ಟು ಜನರ ಮೆಚ್ಚುಗೆ ಸಿಕ್ಕಿದ್ದು ಆ ಮಾತಿಗೆ. ಕಾಗುಣಿತ ಹೇಳಿದಾಗ ಯಾರು ಅಷ್ಟು ಖುಷಿಪಟ್ಟಿದೀವಿ ಹೇಳಿ?

ಮೊನ್ನೆ ಅವನು ಬೈಯೋ ವಿಡಿಯೋ ಈ ಗ್ರೂಪಿಗೆ ಹಾಕಿದಾರಲ್ಲ ನಮ್ಮ ಹುಡುಗರು, ಕೆಳಗೆ ಹನ್ನೆರಡು ನಗೋ ಮುಖ. ಅದನ್ನ ಇವತ್ತೇ ಎಲ್ಲರ ಫೋನಿಂದಾನೂ ಡಿಲೀಟ್ ಮಾಡ್ರಪ್ಪಾ. ಅವನು ಅದನ್ನ ಪುಟ್ಟಿ ಮೊಬೈಲಲ್ಲಿ ತಿರುಗಿಸಿ ತಿರುಗಿಸಿ ನೋಡ್ತಿದಾನಂತೆ.

ಬಸ್ ಬಂತು. ಪುಟ್ಟಿ, ಇವತ್ತಿಂದ ಬರೆಯೋಕೆ ಶುರು ಮಾಡು, ಫೋಟೋ ನನಗೆ ಮಾತ್ರ ಕಳಿಸು, ಗ್ರೂಪಿಗೆ ಬೇಡ. ಭಾನುವಾರ ಬರ್ತೀನಿ, ರಟ್ಟು ಕತ್ತರಿ ನಾನೇ ತರ್ತೀನಿ. ನನ್ನನ್ನೂ ಬೈತಾನೆ ಅವನು, ಗ್ಯಾರಂಟಿ. ದೊಡ್ಡಪ್ಪಾ, ಆಗ ನೀವು ನಗಬಾರದು.